ವಿಲೀನ: ಸಣ್ಣ ಗಿರಾಕಿಯ ಮಾತನ್ನೂ ಕೇಳಲಿ

ಮಾನ್ಯ ಸಂಪಾದಕರೇ,

ದೊಡ್ಡ ಉಕ್ಕು ಕಂಪನಿಗಳು ಒಂದಾಗುವಾಗ ‘ವಿದೇಶಿ ಪೈಪೋಟಿ ಇದೆಯಲ್ಲ, ಬೆಲೆ ಏರುವುದಿಲ್ಲ’ ಎಂಬ ವಾದವನ್ನು ಸುಲಭವಾಗಿ ಒಪ್ಪಬಾರದು. 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ, ಇಂಥ ವಿಲೀನಗಳನ್ನು ಪರಿಶೀಲಿಸುವ ಸ್ಪರ್ಧಾ ಆಯೋಗ ಆಮದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಸರಿ. ಆದರೆ ಆ ಪೈಪೋಟಿ ಸರ್ಕಾರದ ಒಂದೇ ಆದೇಶಕ್ಕೆ ಕುಗ್ಗುತ್ತದೆ. 2025ರ ಏಪ್ರಿಲ್‌ನಲ್ಲಿ ಆಮದು ಉಕ್ಕಿನ ಹಲವು ಬಗೆಗಳ ಮೇಲೆ ಶೇ 12ರಷ್ಟು ಸುಂಕ ಬಿತ್ತಲ್ವಾ? ದೇಶದ ಕಾರ್ಖಾನೆ ಉಳಿಯಬೇಕು, ಎರಡು ಮಾತಿಲ್ಲ. ಬಳ್ಳಾರಿ, ಕೊಪ್ಪಳದ ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದಲೇ. ಆದರೆ ಇಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವೆಲ್ಡಿಂಗ್ ಅಂಗಡಿಯವರು ನಾಲ್ಕು ಶೀಟಿಗಾಗಿ ಚೀನಾಕ್ಕೆ ಆರ್ಡರ್ ಕೊಡಲಾರರು. ಡೀಲರ್ ಹೇಳಿದ್ದೇ ರೇಟು. ವಿಲೀನಕ್ಕೆ ಒಪ್ಪಿಗೆ ಕೊಡುವ ಮೊದಲು ಆಯೋಗವು ಸುಂಕ ಸೇರಿಸಿದ ಆಮದು ಬೆಲೆಯನ್ನೇ ನೋಡಲಿ, ಇಂಥ ಸಣ್ಣ ಗಿರಾಕಿಗಳ ಅಭಿಪ್ರಾಯವನ್ನೂ ಕೇಳಲಿ.

– ಒಬ್ಬ ಓದುಗ, ಬಳ್ಳಾರಿ