ಒಂದೇ ಲಾಟ್, ಐವತ್ತು ಹೊಲ

ದೋಸ್ತಾ,

ವಕೀಲಿಕೆಯ ಸನದು ಕೈಗೆ ಬಂತು, ಇನ್ನು ಧಾರವಾಡದಲ್ಲೇ ಕೂತು ಗ್ರಾಹಕರ ಕೇಸು ಹಿಡಿಯುತ್ತೇನೆ, ಅದರಲ್ಲೂ ನೂರಾರು ಜನರ ಪರವಾಗಿ ಒಂದೇ ದೂರು ಹಾಕುವಂಥವನ್ನು ಎಂದು ಬರೆದಿದ್ದೀಯ. ಹಿಡಿ. ಆದರೆ ಅಮೆರಿಕದ ವಕೀಲರ ಹಾಗೆ ಗೆದ್ದ ರೊಕ್ಕದಲ್ಲಿ ಪಾಲು ಸಿಗುತ್ತದೆ ಅಂದುಕೊಳ್ಳಬೇಡ. ಬಾರ್ ಕೌನ್ಸಿಲ್ ನಿಯಮದಲ್ಲಿ ಅದಕ್ಕೆ ನೇರ ನಿಷೇಧವಿದೆ. ಗೆದ್ದರೆ ಇಷ್ಟು ಕೊಡು ಎಂದು ಫೀ ಮಾತಾಡುವಂತೆಯೂ ಇಲ್ಲ. ಮೊದಲ ವರ್ಷಗಳಲ್ಲಿ ನಿನ್ನ ಮನೆ ನಡೆಯುವುದು ವಿಮೆ ತಿರಸ್ಕರಿಸಿದ್ದು, ಠೇವಣಿ ಮರಳಿಸದ್ದು, ಸುಟ್ಟ ಪಂಪ್‌ಸೆಟ್ಟು, ಇಂಥ ಬಿಡಿ ಕೇಸುಗಳಿಂದಲೇ.

ಗುಂಪು ದೂರಿನ, ಅಂದರೆ ಕೆಲವರು ಎಲ್ಲರ ಪರವಾಗಿ ಹಾಕುವ ದೂರಿನ, ಬಾಗಿಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 35(1)(ಸಿ). ಎಲ್ಲರ ಹಿತಾಸಕ್ತಿ ಒಂದೇ ಆಗಿರಬೇಕು, ಗ್ರಾಹಕ ಆಯೋಗದ ಅನುಮತಿ ಬೇಕು. ಇಲ್ಲೇ ಬಹಳ ಮಂದಿ ಎಡವುತ್ತಾರೆ. ಬೆಂಗಳೂರಿನ ಕಟ್ಟಡ ಕಂಪನಿ ಬ್ರಿಗೇಡ್ ಎಂಟರ್‌ಪ್ರೈಸಸ್ ಪ್ರಕರಣ ಓದು. ಒಟ್ಟು 1,134 ಫ್ಲ್ಯಾಟು, ದೂರು ಕೊಟ್ಟವರು 51 ಫ್ಲ್ಯಾಟಿನ 91 ಜನ. ಉಳಿದವರ ಹಿತಾಸಕ್ತಿಯೂ ಇದೇ ಎಂದು ದೂರಿನಲ್ಲಿ ತೋರಿಸಿಲ್ಲ ಎಂದ ಸುಪ್ರೀಂ ಕೋರ್ಟ್, 2021ರಲ್ಲಿ ಅದನ್ನು ಆ 91 ಜನರ ಜಂಟಿ ದೂರು ಎಂದಷ್ಟೇ ಉಳಿಸಿತು. ಹಾಗಾಗಿ ಮೊದಲು ಜಂಟಿಯೋ ಗುಂಪೋ ಎಂದು ನಿರ್ಧರಿಸು. ಹತ್ತಿಪ್ಪತ್ತು ಜನರಿದ್ದು ಎಲ್ಲರೂ ಸಹಿ ಹಾಕುವವರಿದ್ದರೆ ಜಂಟಿ ದೂರೇ ವಾಸಿ. ಗುಂಪು ದೂರಾದರೆ ಉಳಿದವರಿಗೆಲ್ಲ ನೋಟಿಸು ಹೋಗಬೇಕು, ಪತ್ರಿಕೆ ಪ್ರಕಟಣೆಯ ಖರ್ಚೂ ನಿನ್ನ ಕಕ್ಷಿದಾರರದೇ. ನಡುವೆ ಕಂಪನಿ ರಾಜಿಗೆ ಬಂದರೂ ಎಲ್ಲರಿಗೂ ತಿಳಿಸದೆ ಕೇಸು ಹಿಂತೆಗೆಯಲಾಗದು.

ನಮ್ಮ ಕಡೆ ಇಂಥ ಕೇಸು ಬರುವುದು ಹೆಚ್ಚಾಗಿ ಹೊಲದಿಂದ. ಹಾವೇರಿ ಕಡೆಯ ಐವತ್ತು ರೈತರು ಬಂದು ಗೋವಿನಜೋಳ ಹುಟ್ಟಲೇ ಇಲ್ಲ ಅಂದರು ಅಂತಿಟ್ಟುಕೊ. ಅವರ ಮಾತಿಗಿಂತ ಮೊದಲು ಚೀಲ ಕೇಳು. ಚೀಲಕ್ಕೆ ಹೊಲಿದ ಚೀಟಿಯಲ್ಲಿ ತಳಿ, ಲಾಟ್ ನಂಬರು (ಬೀಜ ಯಾವ ಕಂತಿನದು ಎಂಬ ಗುರುತು), ಪರೀಕ್ಷೆಯ ದಿನಾಂಕ, ಮೊಳಕೆ ಪ್ರಮಾಣ ಇರುತ್ತದೆ. ಆ ಲಾಟ್ ನಂಬರು ಅಂಗಡಿಯ ಪಾವತಿಯ ಮೇಲೂ ಇರಬೇಕು. ಐವತ್ತರಲ್ಲಿ ಮೂವತ್ತೆಂಟು ಒಂದು ಲಾಟು, ಹನ್ನೆರಡು ಬೇರೆ ಲಾಟು ಬಂದರೆ ಆ ಹನ್ನೆರಡನ್ನು ಬೇರೆ ಇಡು. ಸೇರಿಸಿ ತುರುಕಿದರೆ ಹಿತಾಸಕ್ತಿ ಒಂದೇ ಅಲ್ಲ ಎಂಬ ತಕರಾರಿನಲ್ಲಿ ಮೂವತ್ತೆಂಟೂ ಮುಳುಗುತ್ತವೆ.

ಇನ್ನೊಂದು ತೊಡಕು: ರೈತ ಕಾಯುವುದಿಲ್ಲ. ಹದ ಹೋಗುತ್ತದೆಂದು ಹರಗಿ ಮತ್ತೆ ಬಿತ್ತಿಬಿಡುತ್ತಾನೆ, ತಪ್ಪು ಅವನದಲ್ಲ. ಅದಕ್ಕೇ ಫೋನು ಬಂದ ದಿನವೇ ರೈತ ಸಂಪರ್ಕ ಕೇಂದ್ರಕ್ಕೆ ಅರ್ಜಿ ಕೊಡಿಸು, ಕೃಷಿ ಅಧಿಕಾರಿಯ ಪಂಚನಾಮೆ ಆಗಲಿ, ಕಂಪನಿಗೂ ಅಂಗಡಿಗೂ ಮುಂಚಿತವಾಗಿ ಬರಹದಲ್ಲಿ ತಿಳಿಸು. ಸಾಲಿನಲ್ಲಿ ಹುಟ್ಟಿದ ಗಿಡಗಳ ಲೆಕ್ಕ, ಬಿತ್ತಿದ ತಾರೀಖು, ಆಗಿನ ಮಳೆ ಬರೆಸು. ಇಲ್ಲವಾದರೆ ಕಂಪನಿ ‘ಆಳ ಹೆಚ್ಚಾಯಿತು, ಹಸಿ ಕಡಿಮೆಯಿತ್ತು’ ಎನ್ನುತ್ತದೆ. ಹೊಲದ ಉತಾರದ (ಪಹಣಿ) ಪ್ರತಿಯೂ ಇರಲಿ. ಮೊಬೈಲ್ ಫೋಟೊಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು; ಅದರಲ್ಲಿ ಹ್ಯಾಶ್, ಅಂದರೆ ಕಡತ ಬದಲಾಗಿಲ್ಲ ಎಂದು ತೋರಿಸುವ ಗುರುತಿನ ಸಂಖ್ಯೆ, ಬರೆಯದೆ ಕೊಟ್ಟರೆ ತಕರಾರು ಖಂಡಿತ.

ಬೀಜ ಲ್ಯಾಬಿಗೆ ಹೋಗಿಲ್ಲ ಎಂಬುದು ಎದುರುದಾರರ ಹಳೆಯ ರಾಗ. ಬಿತ್ತಿದ ಮೇಲೆ ರೈತ ಬೀಜ ಎಲ್ಲಿಂದ ತಂದಾನು? ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ವಿರುದ್ಧ ಮಧುಸೂದನ ರೆಡ್ಡಿ, ಸುಪ್ರೀಂ ಕೋರ್ಟಿನ 2012ರ ತೀರ್ಪು ಸದಾ ಕಡತದಲ್ಲಿರಲಿ. ಅದೇ ಲಾಟಿನ ಬೀಜವನ್ನು ಪರೀಕ್ಷೆಗೆ ಕಳಿಸಿ ಎಂದು ಕಂಪನಿಯೇ ಅರ್ಜಿ ಹಾಕಬಹುದಿತ್ತು ಎಂದಿದೆ. ರೈತ ಗ್ರಾಹಕನಲ್ಲ ಎಂಬ ವಾದಕ್ಕೂ ಉತ್ತರ ಅದರಲ್ಲೇ ಇದೆ.

ದೂರಿಗೆ ಎರಡು ವರ್ಷದ ಗಡುವು. ಸರಕಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಎದುರುದಾರರು ಉತ್ತರ ಕೊಡಬೇಕಾದ್ದು 30 ದಿನದಲ್ಲಿ, ಆಯೋಗ ಇನ್ನು 15 ದಿನ ಕೊಡಬಹುದು, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಆದರೆ ಈ ದಿನಗಣನೆ ಶುರುವಾಗುವುದು ದೂರಿನ ಪ್ರತಿ ಸಮೇತ ನೋಟಿಸು ಮುಟ್ಟಿದ ದಿನದಿಂದ. ಬರೀ ನೋಟಿಸಿನ ಹಾಳೆ ಹೋದರೆ ಲೆಕ್ಕಕ್ಕಿಲ್ಲ. ಲಕೋಟೆ ಅಂಟಿಸುವ ಮುಂಚೆ ಒಳಗೆ ಎಷ್ಟು ಪುಟ ಹೋಯಿತೆಂದು ಎಣಿಸಿ ಬರೆದಿಡು, ಅಂಚೆಯ ಟ್ರ್ಯಾಕಿಂಗ್ ಪ್ರತಿಯನ್ನು ಅವತ್ತೇ ತೆಗೆ.

ನಿನ್ನ ದೋಸ್ತ,
ಹುಬ್ಬಳ್ಳಿಯಿಂದ