ಬೀ ಜೀಸ್ ಅಭಿಮಾನಿ ಬಳಗದ ಸದಸ್ಯರಿಗೆ ಸೂಚನೆ

ಆತ್ಮೀಯರೇ,

ಬರುವ ಭಾನುವಾರ ಸಂಜೆ 4 ಗಂಟೆಗೆ ಚಿಕ್ಕಮಗಳೂರಿನ ರತ್ನಗಿರಿ ಬೋರೆಯಲ್ಲಿ ನಾವೆಲ್ಲ ಸೇರುತ್ತಿದ್ದೇವೆ. ಈ ಸಲ, ಗಿಬ್ ಸೋದರರ ಪಾಪ್ ಸಂಗೀತ ತಂಡವಾದ ಬೀ ಜೀಸ್‌ನ ಮಾರಿಸ್ ಗಿಬ್ ಅವರ ದನಿಗೇ ಕಿವಿಗೊಡೋಣವೆಂಬುದು ನನ್ನ ಕೋರಿಕೆ. 2003ರ ಜನವರಿ 12ರಂದು ಅವರು, 2012ರ ಮೇ 20ರಂದು ಅವರ ಅವಳಿ ಸೋದರ ರಾಬಿನ್ ತೀರಿಕೊಂಡ ಮೇಲೆ ಅಣ್ಣ ಬ್ಯಾರಿ ಒಬ್ಬರೇ ಉಳಿದಿದ್ದಾರೆ. 1977ರ ಡಿಸ್ಕೊ ಗೀತೆಗಳಲ್ಲಿ ಬ್ಯಾರಿಯವರ ಏರುದನಿಯೇ ಮೊದಲು ಕಿವಿಗೆ ಬೀಳುತ್ತದೆ. ಆದರೆ ಅದರ ಅಡಿಯಲ್ಲಿ ಬೇಸ್ ಗಿಟಾರು ನುಡಿಸುತ್ತ, ಇಬ್ಬರು ಸೋದರರ ಕಂಠಗಳ ನಡುವೆ ತಮ್ಮ ಕಂಠವನ್ನು ಸದ್ದಿಲ್ಲದೆ ಬೆರೆಸುತ್ತಿದ್ದ ಮಾರಿಸ್ ಇಲ್ಲದಿದ್ದರೆ ಆ ಹಾಡುಗಳು ಅಷ್ಟು ತುಂಬಿಕೊಂಡು ಕೇಳಿಸುತ್ತಿರಲಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ನನ್ನಲ್ಲಿರುವ ಕ್ಯಾಸೆಟ್ಟಿನ ಸುರುಳಿಗೆ ಮಲೆನಾಡಿನ ಮಳೆಗಾಲದ ಬೂಷ್ಟು ಹಿಡಿದು, ಎರಡನೆಯ ಮಗ್ಗುಲಿನ ಕೊನೆಯ ಹಾಡು ಅಲ್ಲಲ್ಲಿ ಮುಳುಗಿಹೋಗುತ್ತದೆ. ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದ ಮನೆಯಲ್ಲಿ ನಮ್ಮಣ್ಣನೊಡನೆ ಕೇಳಿದ ಕ್ಯಾಸೆಟ್ಟು ಅದು; ಅಣ್ಣ ಈಗಿಲ್ಲವಾದ್ದರಿಂದ ಎಸೆಯಲು ಮನಸ್ಸು ಬಂದಿಲ್ಲ. ಇಂಥದ್ದು ನಿಮ್ಮಲ್ಲೂ ಇದ್ದರೆ, ಕೆಟ್ಟಿದ್ದರೂ ಸರಿ, ದಯವಿಟ್ಟು ತನ್ನಿ. ಬ್ಯಾರಿ ಒಬ್ಬರೇ ಹಾಡಿದ್ದನ್ನು ಮೆಚ್ಚುವುದು ತಂಡದ ಮೇಲಿನ ನಿಷ್ಠೆಗೆ ಒಪ್ಪುವುದೋ ಇಲ್ಲವೋ ಎಂದು ಗುಂಪಿನಲ್ಲಿ ಎದ್ದಿರುವ ಮಾತನ್ನೂ ಅಲ್ಲಿಯೇ ಎದುರುಬದುರು ಕುಳಿತು ಆಡೋಣ. ಮಳೆ ಬಂದರೆ ನಮ್ಮ ಮನೆಯಲ್ಲಿ ಸೇರೋಣ. ಬರುವವರು ಶುಕ್ರವಾರದೊಳಗೆ ತಿಳಿಸಬೇಕಾಗಿ ವಿನಂತಿ.