ಕುದುರೆ ಎಡಕ್ಕೆ, ಗೂಳಿ ಬಲಕ್ಕೆ: ಗದಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಬೆಟಗೇರಿಯಲ್ಲಿ ಬೋರ್ಡ್ ಬರೆಯುವವನು. ಅಂಗಡಿ ಬೋರ್ಡು, ಶಾಲೆಯ ಗೋಡೆ, ಲಾರಿಯ ಹಿಂದಿನ ಹೆಸರು, ಸರ್ಕಾರಿ ಕಚೇರಿಯ ನಾಮಫಲಕ ಎಲ್ಲ ಬರೆದು ಸಂಸಾರ ನಡೆಸಿದ್ದೇನೆ. ನಿಮ್ಮವರೆಗೂ ಬರಬೇಕು ಅಂತ ನನಗೇನೂ ಆಸೆ ಇರಲಿಲ್ಲ. ಕೆಳಗಿನ ಕಚೇರಿಗಳಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ವಿಷಯ ಒಂದೇ. ನಮ್ಮ ರಾಷ್ಟ್ರ ಲಾಂಛನವನ್ನು ಸಿಕ್ಕಸಿಕ್ಕಲ್ಲಿ ತಪ್ಪುತಪ್ಪಾಗಿ ಹಾಕುತ್ತಿದ್ದಾರೆ. ತಪ್ಪಿರುವುದನ್ನು ತೆಗೆಸಿ, ಸರಿಯಾದದ್ದನ್ನು ಹಾಕಿಸಿ.

ಲಾಂಛನದ ದುರ್ಬಳಕೆ ತಡೆಯುವ 2005ರ ಕಾಯ್ದೆ, ಅದನ್ನು ಹೇಗೆ ಬಳಸಬೇಕು ಅನ್ನುವ 2007ರ ನಿಯಮ ನಿಮಗೆ ಗೊತ್ತೇ ಇರುತ್ತವೆ. ನಾನು ಹೇಳಿಕೊಡುವಂಥದ್ದೇನಿಲ್ಲ. ನಡೆದದ್ದನ್ನು ಮಾತ್ರ ಹೇಳುತ್ತೇನೆ.

ಜಿಲ್ಲೆಯ ಒಂದು ಕಚೇರಿಗೆ ಬಣ್ಣ ಬಳಿದು ಹೊಸದು ಮಾಡಿದರು. ಯಾವ ಕಚೇರಿ ಅಂತ ಇಲ್ಲಿ ಬರೆಯುವುದಿಲ್ಲ, ನನಗೆ ಯಾರ ಮೇಲೂ ಹಗೆ ಇಲ್ಲ. ಬಾಗಿಲ ಮೇಲೆ ಇಲಾಖೆಯ ಹೆಸರು ಬರೆಯುವ ಕೆಲಸ ನನ್ನದು. ಪಕ್ಕದ ಗೋಡೆಗೆ ಗುತ್ತಿಗೆದಾರ ಆಳೆತ್ತರದ ಲಾಂಛನ ತಂದು ಅಂಟಿಸಿದ. ಪ್ರಿಂಟ್ ಮಾಡಿಸಿದ ಸ್ಟಿಕ್ಕರ್. ಏಣಿ ಮೇಲೆ ನಿಂತಿದ್ದ ನನಗೆ ಅದು ಸರಿಯಾಗಿ ಎದುರಿಗೇ ಇತ್ತು. ಚಕ್ರದ ಎಡಕ್ಕೆ ಗೂಳಿ, ಬಲಕ್ಕೆ ಕುದುರೆ! ಕನ್ನಡಿಯಲ್ಲಿ ನೋಡಿದ ಹಾಗೆ ಇಡೀ ಚಿತ್ರವನ್ನೇ ತಿರುಗಿಸಿಬಿಟ್ಟಿದ್ದರು. ಕೆಳಗಿನ 'ಸತ್ಯಮೇವ ಜಯತೇ' ಮಾತ್ರ ನೆಟ್ಟಗಿತ್ತು. ಅದನ್ನು ಆಮೇಲೆ ಬೇರೆ ಟೈಪ್ ಮಾಡಿ ಸೇರಿಸಿದ್ದರು. ಅಂದರೆ ಚಿತ್ರ ತಿರುಗಿದೆ ಅಂತ ಆ ಟೈಪ್ ಮಾಡಿದವನಿಗಾದರೂ ಗೊತ್ತಿತ್ತು, ಅಲ್ವಾ?

ಇನ್ನೂ ಹತ್ತಿರ ಹೋಗಿ ನೋಡಿದೆ. ಚಕ್ರದ ಅರಗಳು ಒಂದಕ್ಕೊಂದು ಅಂಟಿಕೊಂಡು ಎಣಿಸಲಿಕ್ಕೇ ಬರುತ್ತಿರಲಿಲ್ಲ. ನಡುವಿನ ಸಿಂಹದ ಕಣ್ಣು, ಮೂಗು ಚೌಕ ಚೌಕವಾಗಿ ಒಡೆದುಹೋಗಿದ್ದವು. ಅದು ಯಾಕೆ ಹಾಗಾಯಿತು ಅಂತ ನನಗೆ ಗೊತ್ತು. ನಿಯಮದ ಜೊತೆ ಎರಡು ವಿನ್ಯಾಸ ಕೊಟ್ಟಿದ್ದಾರೆ. ಒಂದು ಸರಳವಾದದ್ದು. ಅದು ಪತ್ರದ ತಲೆಗೆ, ಮೊಹರಿಗೆ, ಹೀಗೆ ಸಣ್ಣ ಅಳತೆಗೆ. ಇನ್ನೊಂದು ವಿವರ ಜಾಸ್ತಿ ಇರುವುದು, ದೊಡ್ಡ ಅಳತೆಗೆ. ಇವರು ಯಾವುದೋ ಲೆಟರ್‌ಹೆಡ್‌ನ ಮೂಲೆಯಲ್ಲಿದ್ದ ಚಿತ್ರವನ್ನು ಹಿಗ್ಗಿಸಿ ಗೋಡೆಗೆ ಹಚ್ಚಿದ್ದರು.

ಗುತ್ತಿಗೆದಾರನಿಗೆ ಹೇಳಿದೆ. "ನಾಳೆ ಉದ್ಘಾಟನೆ ಐತಿ. ನೀ ಅಕ್ಷರ ಬರಿ, ಕುದುರಿ ಕಾಯಬ್ಯಾಡ" ಅಂದ. ಒಳಗೆ ಹೋಗಿ ಸಾಹೇಬರಿಗೆ ಹೇಳಿದೆ. ಅವರು ಫೈಲಿನಿಂದ ತಲೆ ಎತ್ತಲಿಲ್ಲ. "ಯಾರ್ ನೋಡ್ತಾರಪಾ? ಮೂರು ಸಿಂಹ ಅದಾವಿಲ್ಲೋ? ಸಾಕ್ ಬಿಡು" ಅಂದರು. ರಾತ್ರಿಯೆಲ್ಲ ಕೂತು ನಾನೇ ಬರೆದುಕೊಡುತ್ತೇನೆ, ಒಂದು ರೂಪಾಯಿ ಬೇಡ, ಬಣ್ಣವೂ ನಂದೇ ಅಂತ ಕೈ ಮುಗಿದು ಕೇಳಿದೆ. ಬೇಡ ಅಂದರು. ಮರುದಿನ ಅದೇ ಗೋಡೆಯ ಮುಂದೆ ಹಾರ ಹಾಕಿಕೊಂಡು ಫೋಟೊ ತೆಗೆಸಿಕೊಂಡರು.

ಆವತ್ತಿನಿಂದ ನನ್ನ ಬಿಲ್ ನಿಂತಿದೆ. "ನೀ ಬಾಳ ಕಾನೂನು ಮಾತಾಡ್ತಿ" ಅಂತ ಕಳಿಸಿಬಿಡುತ್ತಾರೆ. ಬಣ್ಣದ ಅಂಗಡಿಯಲ್ಲಿ ಉದ್ರಿ ಹಾಗೇ ಇದೆ. ಇದ್ದ ಎರಡು ಕಚೇರಿಗಳ ಕೆಲಸವೂ ತಪ್ಪಿತು, ಅವನನ್ನು ಕರೀಬೇಡಿ ಅಂತ ಬಾಯಿಮಾತಿನಲ್ಲೇ ಹೇಳಿದ್ದಾರೆ. ಫ್ಲೆಕ್ಸ್ ಬಂದ ಮೇಲೆ ನಮ್ಮ ಕೈಬರಹಕ್ಕೆ ಮೊದಲೇ ಕೂಲಿ ಕಡಿಮೆ. ಇರಲಿ, ಅದಕ್ಕೆ ಯಾರನ್ನೂ ದೂರುವುದಿಲ್ಲ. ಆದರೆ ತಪ್ಪನ್ನು ತಪ್ಪು ಅಂದದ್ದಕ್ಕೆ ದುಡಿದ ದುಡ್ಡು ಕೊಡದೆ ಅಲೆದಾಡಿಸುವುದನ್ನು ಸಹಿಸಲಿಕ್ಕೆ ಆಗುತ್ತಿಲ್ಲ.

ಕುದುರೆ ಈ ಕಡೆ ಇದ್ದರೇನು, ಆ ಕಡೆ ಇದ್ದರೇನು ಅಂತ ಕೇಳುವವರಿಗೆ ನನ್ನದು ಒಂದೇ ಮಾತು. ನಿಮಗೆ ಬೇಕಾದ ಹಾಗೆ ಬದಲಾಯಿಸಲಿಕ್ಕೆ ಅದು ಅಂಗಡಿಯ ಗುರುತಲ್ಲ. 1950ರ ಜನವರಿ 26ರಂದು, ದೇಶ ಗಣರಾಜ್ಯವಾದ ದಿನವೇ ಒಪ್ಪಿಕೊಂಡ ಚಿತ್ರ ಅದು. ಮುಂದೆ ಮೂರು ಸಿಂಹ, ಕಾಣದ ನಾಲ್ಕನೆಯದು ಹಿಂದೆ. ಕೆಳಗಿನ ಪಟ್ಟಿಯಲ್ಲಿ ನಡುವೆ ಧರ್ಮಚಕ್ರ, ನಮ್ಮ ಬಲಕ್ಕೆ ಗೂಳಿ, ಎಡಕ್ಕೆ ಕುದುರೆ, ಎರಡೂ ತುದಿಗೆ ಇನ್ನೆರಡು ಚಕ್ರಗಳ ಅಂಚು. ಅಡಿಯಲ್ಲಿ ದೇವನಾಗರಿಯಲ್ಲಿ 'ಸತ್ಯಮೇವ ಜಯತೇ'. ಆ ಮಾತೂ ಲಾಂಛನದ ಭಾಗವೇ. ಅದನ್ನು ಬಿಟ್ಟರೆ ಲಾಂಛನ ಪೂರ್ತಿ ಆಗುವುದಿಲ್ಲ. ನಮ್ಮಲ್ಲಿ ಅದನ್ನು ಬಿಟ್ಟು ಬರೀ ಸಿಂಹ ಹಾಕಿದ ಬೋರ್ಡುಗಳೇ ಜಾಸ್ತಿ.

ಇನ್ನು ಕೆಲವರು ಲಾಂಛನಕ್ಕೆ ಆಧಾರವಾದ, ಸಾರನಾಥದ ಅಶೋಕ ಸ್ತಂಭದ ಮೂಲ ಶಿಲ್ಪದ ಫೋಟೊವನ್ನೇ ಇಳಿಸಿಕೊಂಡು ಹಾಕುತ್ತಾರೆ. ಬೇರೆ ದಿಕ್ಕಿನಿಂದ ತೆಗೆದ ಫೋಟೊ ಆದರೆ ಎದುರಿಗೆ ಆನೆ ಬಂದಿರುತ್ತದೆ. ಶಿಲ್ಪದ ಸುತ್ತ ಆನೆ, ಕುದುರೆ, ಗೂಳಿ, ಸಿಂಹ ನಾಲ್ಕೂ ಇವೆ, ನಿಜ. ಅಡಿಯಲ್ಲಿ ಗಂಟೆಯಂತೆ ಇಳಿಬಿದ್ದ ಕಮಲವೂ ಇದೆ. ಲಾಂಛನಕ್ಕೆ ಆ ಕಮಲ ತೆಗೆದುಕೊಂಡಿಲ್ಲ, ಆನೆಯೂ ಕಾಣುವುದಿಲ್ಲ. ಶಿಲ್ಪ ಬೇರೆ, ಲಾಂಛನ ಬೇರೆ.

ಲಾಂಛನದ ಚಿತ್ರ ಬರೆದವರು ದೀನಾನಾಥ ಭಾರ್ಗವ. ಶಾಂತಿನಿಕೇತನದಲ್ಲಿ ಚಿತ್ರಕಲಾವಿದ ನಂದಲಾಲ್ ಬೋಸರ ಶಿಷ್ಯರು, ಆಗ ಇನ್ನೂ ಹುಡುಗ. ಸಂವಿಧಾನದ ಮೂಲ ಪ್ರತಿಯನ್ನು ಚಿತ್ರಗಳಿಂದ ಸಿಂಗರಿಸಿದ ತಂಡದಲ್ಲಿದ್ದವರು. ಸಿಂಹ ಹೇಗೆ ನಿಲ್ಲುತ್ತದೆ, ಹೇಗೆ ನೋಡುತ್ತದೆ ಅಂತ ತಿಳಿಯಲು ಕಲ್ಕತ್ತೆಯ ಮೃಗಾಲಯಕ್ಕೆ ಹೋಗಿ ಕೂರುತ್ತಿದ್ದರು ಅಂತ ಅವರ ಮನೆಯವರು ಹೇಳಿಕೊಂಡಿದ್ದಾರೆ. ಕುಂಚ ಹಿಡಿಯುವ ನನಗೆ ಇದನ್ನು ಓದಿದಾಗ ಕಣ್ಣು ತುಂಬಿತ್ತು. ಅಷ್ಟು ಶ್ರದ್ಧೆಯಿಂದ ಬರೆದದ್ದನ್ನು ನಾವು ತಿರುವುಮುರುವು ಮಾಡಿ ಅಂಟಿಸುತ್ತೇವೆ, ಕೇಳಿದರೆ ಯಾರು ನೋಡುತ್ತಾರೆ ಅನ್ನುತ್ತೇವೆ. ನಾಚಿಕೆ ಆಗಬೇಕು, ಸಾರ್.

ನಮ್ಮ ಸೀಮೆಯವರಿಗೆ ಇದು ಗೊತ್ತಿಲ್ಲ ಅನ್ನುವ ಹಾಗೂ ಇಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಹೆಣ್ಣುಮಕ್ಕಳು ರಾಷ್ಟ್ರಧ್ವಜ ಹೊಲಿಯುತ್ತಾರೆ. ಬಟ್ಟೆ, ಬಣ್ಣ, ಹೊಲಿಗೆ, ಚಕ್ರದ 24 ಅರ ಎಲ್ಲದಕ್ಕೂ ಅಳತೆ ಇದೆ. ತಪ್ಪಿದರೆ ಆ ಬಾವುಟ ಹೊರಗೆ ಹೋಗುವುದಿಲ್ಲ. ಪಕ್ಕದ ಕೊಪ್ಪಳದಲ್ಲಿ, ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡುವಿನಲ್ಲೂ ಆ ಅಶೋಕನದೇ ಶಾಸನಗಳಿವೆ. ಇಂಥ ಜಾಗದಲ್ಲಿದ್ದು ಅಶೋಕನ ಸಿಂಹಗಳನ್ನು ಹೀಗೆ ಹಾಳು ಮಾಡಬೇಕೇ? ಗದಗ ಮುದ್ರಣಕ್ಕೆ ಹೆಸರಾದ ಊರು. ಸರಿಯಾದ ಚಿತ್ರ ಕೊಟ್ಟರೆ ಸರಿಯಾಗಿ ಅಚ್ಚು ಹಾಕುವವರು ನಮ್ಮಲ್ಲಿ ಓಣಿಗೊಬ್ಬರಿದ್ದಾರೆ. ಸರಿಯಾದ ಚಿತ್ರ ಕೊಡುವವರೇ ಇಲ್ಲ.

ಕಾರುಗಳ ಮಾತು ಎತ್ತಿದರೆ ಪತ್ರ ಮುಗಿಯುವುದಿಲ್ಲ. ಯಾರ ವಾಹನಕ್ಕೆ ಲಾಂಛನ ಇರಬಹುದು ಅಂತ ನಿಯಮದಲ್ಲೇ ಪಟ್ಟಿ ಇದೆ. ಮಾಜಿ ಶಾಸಕರು, ಮಾಜಿ ಸಂಸದರು, ನಿವೃತ್ತ ಅಧಿಕಾರಿಗಳು ಎಲ್ಲಿಯೂ ಬಳಸುವಂತಿಲ್ಲ. ಪಂಚಾಯಿತಿ, ನಗರಸಭೆ, ಬ್ಯಾಂಕು, ವಿಶ್ವವಿದ್ಯಾಲಯ ಕೂಡ ಅನುಮತಿ ಇಲ್ಲದೆ ಹಾಕುವಂತಿಲ್ಲ. ಕಾಯ್ದೆ ಮುರಿದರೆ 2 ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೂ ಮುಳಗುಂದ ನಾಕಾದಲ್ಲಿ ನಿಂತು ನೋಡಿ, ಗಾಜಿನ ಮೇಲೆ ಸಿಂಹ ಅಂಟಿಸಿಕೊಂಡ ಖಾಸಗಿ ಗಾಡಿಗಳು ಸುಮ್ನೆ ಓಡಾಡುತ್ತವೆ. ಯಾರೂ ತಡೆಯುವುದಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ನಿಯಮದಲ್ಲಿರುವ ಎರಡೂ ವಿನ್ಯಾಸಗಳ ಸರಿಯಾದ ಪ್ರತಿಯನ್ನು ಎಲ್ಲ ತಾಲ್ಲೂಕು ಕಚೇರಿಗಳಿಗೆ ಕಳಿಸಿ. ಯಾವ ಗೋಡೆಗೆ ಹಾಕಬಹುದು, ಯಾವುದಕ್ಕೆ ಹಾಕಬಾರದು ಅಂತ ಬರವಣಿಗೆಯಲ್ಲಿ ತಿಳಿಸಿ. ಪ್ರಿಂಟಿಂಗ್ ಪ್ರೆಸ್ಸಿನವರಿಗೆ, ಫ್ಲೆಕ್ಸಿನವರಿಗೆ, ನಮ್ಮಂಥ ಪೇಂಟರುಗಳಿಗೆ ಒಂದು ದಿನ ಕರೆದು ತೋರಿಸಿ. ತಪ್ಪಿರುವುದನ್ನು ತೆಗೆಸಿ. ದಯವಿಟ್ಟು ತೆಗೆಸಿ. ಮುಂದಿನ ರಾಷ್ಟ್ರೀಯ ಹಬ್ಬಕ್ಕೆ ಮಕ್ಕಳು ಸಾಲಾಗಿ ಬಂದು ಅದೇ ತಿರುಗಿದ ಚಿತ್ರಕ್ಕೆ ಕೈ ಎತ್ತಿ ವಂದಿಸುವ ಹಾಗೆ ಆಗಬಾರದು.

ಮೇಲೆ ಹೇಳಿದ ಗೋಡೆ ಯಾವುದು ಅಂತ ನೀವು ಕರೆಸಿ ಕೇಳಿದರೆ ಹೇಳುತ್ತೇನೆ, ಫೋಟೊ ಇದೆ. ಅಲ್ಲಿ ಲಾಂಛನ ಇರಬಹುದು ಅಂತ ನೀವು ಒಪ್ಪಿದರೆ ನಾನೇ ಬಂದು ಚೌಕಳಿ ಹಾಕಿ, ಅಳತೆ ಹಿಡಿದು ಬರೆದುಕೊಡುತ್ತೇನೆ. ಅದಕ್ಕೆ ಕೂಲಿ ಬೇಡ. ಇರಬಾರದು ಅಂದರೆ ಸ್ಟಿಕ್ಕರ್ ಕೀಳಿಸಿ ಗೋಡೆಗೆ ಸುಣ್ಣ ಬಳಿಸಿ. ಬಾಗಿಲ ಮೇಲೆ ಬರೆದ ಅಕ್ಷರದ ಹಳೆಯ ಬಿಲ್ಲನ್ನು ಮಾತ್ರ ಕೊಡಿಸಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಬೋರ್ಡ್ ಪೇಂಟರ್, ಬೆಟಗೇರಿ